ಅತ್ತೆಯ ದನಿಯೂ ಅಳಿಯನ ಸೀನೂ

"ಆ ಮನಿಯಾಗ ಬಾಗಲದ ಬೆಲ್ಲಿಗೂ ಬಾಯಿ ಅದ, ಅಣವೀರಪ್ಪಗಷ್ಟೇ ಇಲ್ಲ" ಅಂತ ಖೂಬಾ ಪ್ಲಾಟಿನ ಓಣಿ ಮಂದಿ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಗುಂಡಿ ಒತ್ತಿದರೆ ಅವನ ಅತ್ತೆ ಕಸ್ತೂರಿಬಾಯಿಯ ದನಿ ಬರುತ್ತಿತ್ತು: "ಯಾರದು? ನಿಂದರ್ರಿ, ಬಂದೆ. ಕಾಲು ತೊಳಕೊಂಡು ಒಳಗ ಬರ್ರಿ." ಅದರ ಬಾಲಕ್ಕೆ ಅಳಿಯನ ಒಂದು ಭಾರೀ ಸೀನು. ರೆಕಾರ್ಡ್ ಮಾಡುವಾಗ ಪಕ್ಕದಲ್ಲೇ ನಿಂತಿದ್ದನಲ್ಲ, ಅದೂ ಸೇರಿಕೊಂಡಿತ್ತು.

ಅತ್ತೆ ತೀರಿಕೊಂಡು ವರ್ಷವಾಯಿತು. ಮಗಳು ಶೀಲಾಳ ಪಾಲಿಗೆ ತಾಯಿಯ ದನಿ ಅಂತ ಉಳಿದದ್ದು ಆ ಬೆಲ್ಲಿನ ಡಬ್ಬಿಯಲ್ಲಷ್ಟೇ. ಈಗ ಆಕೆಗೆ ಕಮಲಾಪುರದ ಶಾಲೆಗೆ ವರ್ಗವಾಗಿತ್ತು. ಅಂದು ಬಾಡಿಗೆ ಮನೆ ಖಾಲಿ ಮಾಡುವ ದಿನ.

"ರೀ, ಅಲ್ಲಿ ಬಾಗಲಿಗೂ ಇದನ್ನೇ ಹಚ್ಚೋಣು. ಅವ್ವನ ಮಾತು ಇರಲಿ. ನಿಮ್ಮ ಸೀನಷ್ಟೇ ತಗೀಲಿಕ್ಕೆ ಬರ್ತದೇನು?"

ಅಣವೀರಪ್ಪನೋ, ಜಗತ್ ಸರ್ಕಲ್ಲಿನ ಕಡೆ ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿದ ಮಹಾಶಯ! "ಬೇಕಂದ್ರ ಮೂಗಿನ ಸಪ್ಪಳ ತಗದು ಬಾಯಿದಷ್ಟೇ ಉಳಿಸ್ತೀನಿ" ಎಂದ. ಹಳೇ ಟಿವಿಯ ಮೆಮೊರಿ ಚಿಪ್ಪಿನಲ್ಲಿ ಒಂದೇ ಒಂದು ಅಂಕಿ ಬದಲಿಸಿ, ಮಿಕ್ಕಿದ್ದು ಅಲುಗದಂತೆ ಎದ್ದು ಬಂದವನು. ಬೆಲ್ಲಿನ ಚಿಪ್ಪು ಬಿಚ್ಚಿದ, ಚಿಪ್ಪು ತಿದ್ದುವ ತನ್ನ ಯಂತ್ರಕ್ಕೆ ಕೂಡಿಸಿದ, ಕೊನೆಯ ಎರಡು ಸೆಕೆಂಡಿಗೆ ಗುರುತು ಹಾಕಿ ಅಳಿಸಿದ.

ಸೀನು ಹೋಯಿತು. ಅತ್ತೆಯೂ ಹೋದಳು, ಎರಡನೇ ಸಲ.

ಡಬ್ಬಿ ಹಿಡಿದು ಮೋಮಿನಪುರದ ಓಣಿಗೆ ಓಡಿದ. ಮೊಬೈಲ್ ರಿಪೇರಿಯ ತಾರಿಖ್ ಚಿಪ್ಪು ತಿರುಗಿಸಿ ನೋಡಿದ. "ಅಣ್ಣಾ, ಇದು ನಿಮ್ಮ ಟಿವಿ ಚಿಪ್ಪಲ್ಲ, ಫ್ಲ್ಯಾಶ್ ಅದ. ಟಿವಿದರಾಗ ಒಂದೊಂದೇ ಅಕ್ಷರ ತಿದ್ದಬಹುದು. ಇದರಾಗ ಅಳಿಸಿದ್ರ ಇಡೀ ಬ್ಲಾಕೇ, ಅಂದ್ರ ಪೂರಾ ಗಂಟೇ ಹೋಗ್ತದ. ನಿಮ್ಮ ಎಂಟು ಸೆಕೆಂಡ್ ಮಾತು ಒಂದೇ ಬ್ಲಾಕಿನಾಗಿತ್ತು. ಮೊದಲು ಪೂರಾ ಕಾಪಿ ತಗೊಂಡು, ಅದನ್ನ ತಿದ್ದಿ, ವಾಪಸ್ ಬರೀಬೇಕು. ಕಾಪಿ ಎಲ್ಲದ?"

"ಅದೊಂದೇ ಬಿಟ್ಟೆ ನೋಡು."

"ಹಂಗಾದ್ರ ನನ್ನ ಕಡೆ ಯಾಕ ಬಂದ್ರಿ? ಭಾಭಿ ಕಡೆ ಹೋಗ್ರಿ."

ಹೋದ. ಸಾಮಾನು ಗಾಡಿಗೆ ಏರಿತ್ತು. ನಡೆದದ್ದೆಲ್ಲ ಹೇಳಿದ. ಶೀಲಾ ಡಬ್ಬಿ ಇಸಕೊಂಡು ಗುಂಡಿ ಒತ್ತಿದಳು. ಟಿಕ್ ಎಂದಿತು, ಅಷ್ಟೇ. ಮತ್ತೊಮ್ಮೆ ಒತ್ತಿ, ಕಿವಿಗೆ ಹಿಡಿದಳು. ಆಮೇಲೆ ಅದನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿನೊಳಗೆ ಇಟ್ಟಳು.

"ಬೈಯರ ಬೈ, ಶೀಲಾ."

"ಬ್ಯಾಡ್ರಿ. ಇದೊಂದಕ್ಕೇ ಬೈಲಿಕ್ಕೆ ನನಗ ಬರಂಗಿಲ್ಲ. ಬಾಯಿ ತಗದ್ರ ಲಗ್ನಾದ ಹದಿನೆಂಟು ವರ್ಷದ್ದೂ ಒಮ್ಮೆಲೇ ಬರ್ತದ. ಹೊರಗ ಡ್ರೈವರ್ ಕಾಯ್ಲಿಕತ್ಯಾನ."

ಕೀಲಿ ಹಿಡಿದು ಆಕೆ ಹೊಸ್ತಿಲು ದಾಟಿದಳು. ಅಣವೀರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳಾಗದಂತೆ ಹಿಂದೆ ಹೊರಟ.