ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತವರಿಗೆ, ಅಂಗಿಯ ವಿಚಾರವಾಗಿ

ಮಾನ್ಯರೇ,

ಮೂರು ಕೈ, ಹಸಿರು ಬಾಲ ಹಾಗೂ ಇಲ್ಲದ ಮೈಯುಳ್ಳ ತಮಗೆ, ನನ್ನ ಅಕ್ಕನ ಮೊಬೈಲಿನ ಮೂಲಕ ಮಾತ್ರ ದರ್ಶನ ಕೊಡುವ ತಮ್ಮ ದೊಡ್ಡತನಕ್ಕೆ, ಮೊದಲು ನನ್ನ ನಮಸ್ಕಾರ. ಯಾವ ಎರಡು ಕೈ ಜೋಡಿಸಿ ಪ್ರತಿನಮಸ್ಕಾರ ಮಾಡಬೇಕೆಂಬ ಗೊಂದಲ ತಮಗಿರಬಹುದು. ಮಾಡದಿದ್ದರೂ ತಪ್ಪು ತಿಳಿಯುವವಳಲ್ಲ ನಾನು.

ನನ್ನ ಅಕ್ಕ ದರ್ಜಿ. ಕಳೆದ ವರ್ಷ ಬಿದ್ದು ಸೊಂಟ ಮುರಿದುಕೊಂಡವಳು ಮೂಳೆ ಕೂಡಿದ ಮೇಲೂ ಹೊಸಿಲು ದಾಟಲಿಲ್ಲ. ಹೊಲಿಗೆ ಮಿಷನ್ನಿಗೂ ಮುಸುಕು ಹೊದಿಸಿಬಿಟ್ಟಳು. ಡಾಕ್ಟರು ಹೇಳಿದರು, ನಾನು ಗೋಗರೆದೆ, ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ಅವಳ ಸೊಸೆ ಮೊಬೈಲಿಗೆ ಆಟವೊಂದನ್ನು ಹಾಕಿಕೊಟ್ಟಳು. ಕ್ಯಾಮೆರಾ ಹಿಡಿದರೆ ನಮ್ಮದೇ ಬೀದಿಯಲ್ಲಿ, ನಮ್ಮದೇ ಔಷಧಿ ಅಂಗಡಿಯ ಮುಂದೆ ತಾವು ಬಾಲ ಅಲ್ಲಾಡಿಸುತ್ತ ನಿಂತಿರುತ್ತೀರಿ. ಹತ್ತಿರ ಹೋಗಿ ಪರದೆ ಮುಟ್ಟಿದರೆ ಸಿಕ್ಕಿಬೀಳುತ್ತೀರಿ. ಅಕ್ಕ ತಕ್ಷಣ ಚಪ್ಪಲಿ ಹುಡುಕಿದಳು. ಹಿತ್ತಲ ಗಿಡ ಮದ್ದಲ್ಲವೆಂಬುದು ಒಡಹುಟ್ಟಿದ ತಂಗಿಯಾದ ನನಗೆ ಅಂದು ಅರ್ಥವಾಯಿತು. ಹೊಟ್ಟೆ ಉರಿದದ್ದೂ ನಿಜ.

ತಾವು ನಡುರಸ್ತೆಯಲ್ಲೇ ಪ್ರತ್ಯಕ್ಷರಾಗುವುದು, ನಿವೃತ್ತ ಇನ್ಸ್‌ಪೆಕ್ಟರರ ಬಚ್ಚಲುಮನೆಯ ಕಿಟಕಿಯ ಮೇಲೆ ಕೂರುವುದು (ಅತ್ತ ಮೊಬೈಲು ಹಿಡಿದು ನಿಂತಿದ್ದ ಅಕ್ಕನ ಮೇಲೆ ಅವರಿಗೆ ಇನ್ನೂ ಗುಮಾನಿಯಿದೆ), ಇರುವೆ ಗಾತ್ರದ ಅಕ್ಷರದಲ್ಲಿ ‘ಬೇಗ!’ ಎಂದು ಬರೆದು, ಕನ್ನಡಕ ಮೂಗಿಗೇರುವಷ್ಟರಲ್ಲಿ ಮಾಯವಾಗುವುದು, ಇವೆಲ್ಲ ತಮ್ಮ ಚುರುಕುತನಕ್ಕೆ ಸಾಕ್ಷಿಯೆಂದು ಮೆಚ್ಚಿಕೊಂಡಿದ್ದೇವೆ. ಆದರೂ ಯಾವುದಾದರೂ ಬೆಂಚಿನ ಪಕ್ಕ, ನೆರಳಿನಲ್ಲಿ, ನಾವು ನಿಧಾನವಾಗಿ ನಡೆದು ಬರುವವರೆಗೆ ಕಾದರೆ ತಮ್ಮ ಗಂಟೇನು ಹೋಗುತ್ತದೆ?

ಅಕ್ಕ ತಮ್ಮನ್ನು ಹಿಡಿಯಲು ಒಮ್ಮೆಯೂ ಪ್ರಯತ್ನಿಸಿಲ್ಲವೆಂಬುದನ್ನು ತಾವು ಗಮನಿಸಿರಬೇಕು. ‘ಪಾಪ, ಬರೀ ಮೈಯಲ್ಲಿ ಬೀದೀಲಿ ನಿಂತಿದೆಯಲ್ಲೇ’ ಎಂದು ಮರುಗಿ, ಟೇಪು ತೆಗೆದು ಅಳತೆ ತೆಗೆದುಕೊಂಡಳು. ಖಾಲಿ ಗಾಳಿಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದು ನಿಂತವಳು ನಾನು; ನೋಡಿ ನಕ್ಕದ್ದು ಇಡೀ ಬೀದಿ. ಮನೆಗೆ ಬಂದವಳೇ ಮಿಷನ್ನಿನ ಮುಸುಕು ಎತ್ತಿದಳು. ಮಿಷನ್ನು ತಿರುಗುವ ಸದ್ದು ಕೇಳಿ ಅಡುಗೆಮನೆಯಲ್ಲಿ ನನಗೆ ಕಣ್ಣೀರು ಬಂತು. ಮೂರು ತೋಳಿನ ಅಂಗಿ ಸಿದ್ಧವಾಯಿತು.

ಅಷ್ಟರಲ್ಲಿ ತಾವು ಅಪ್‌ಡೇಟಿನ ನೆಪದಲ್ಲಿ ಗ್ರಂಥಾಲಯದ ಮೆಟ್ಟಿಲ ತುದಿಗೆ ಬಿಡಾರ ಬದಲಿಸಿದ್ದೀರಿ. ಅಕ್ಕ ಬಿದ್ದದ್ದು ಅದೇ ಮೆಟ್ಟಿಲಿನಿಂದ. ನಿನ್ನೆ ಅಂಗಿ ಹಿಡಿದು ಕೆಳಗೇ ನಿಂತಿದ್ದು, ಮನೆಗೆ ಮರಳಿ, ಮಿಷನ್ನಿಗೆ ಮತ್ತೆ ಮುಸುಕು ಹೊದಿಸಿದಳು. ನನಗೆ ಭಯವಾಗಿದೆ. ಆದ್ದರಿಂದ ದಯಮಾಡಿ ಕೆಳಗಿಳಿದು ಬನ್ನಿ; ಅದು ಘನತೆಗೆ ಕುಂದೆನಿಸಿದರೆ ಬಾಲದಿಂದ ಗುಡಿಸಿ ಮೆಟ್ಟಿಲುಗಳನ್ನೇ ಸಪಾಟು ಮಾಡಿ; ಅದೂ ಆಗದಿದ್ದರೆ ಮೂರು ಕೈಗಳಲ್ಲಿ ಒಂದನ್ನಾದರೂ ನಿಜ ಮಾಡಿಕೊಂಡು ಅವಳಿಗೆ ಆಸರೆ ಕೊಡಿ.

ಟೇಪಿನ ಇನ್ನೊಂದು ತುದಿ ಹಿಡಿದಿರುವ,
ತಮ್ಮ ವಿಶ್ವಾಸಿ,
ದರ್ಜಿಯ ತಂಗಿ

ತಾ.ಕ.: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದ್ದೇ ತಪ್ಪಾಯಿತು. ‘ಟ್ರಯಲ್ ನೋಡದೆ ಯಾರಿಗೂ ಬಟ್ಟೆ ಕೊಟ್ಟವಳಲ್ಲ ನಾನು. ನನ್ನ ಗಿರಾಕೀನ ಕೆಳಗೆ ಕರೆಸೋಕೆ ನೀನ್ಯಾರೇ?’ ಎಂದು ಬೈದು, ಚಪ್ಪಲಿ ಮೆಟ್ಟಿ, ಅಂಗಿ ಮಡಚಿಕೊಂಡು, ನನ್ನ ಭುಜ ಹಿಡಿದು ನಿಂತಿದ್ದಾಳೆ. ಆದಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ನಾವು ನಿಧಾನವಾಗಿ ಹತ್ತಿ ಬರುತ್ತೇವೆ, ತಾವು ಮೇಲೆಯೇ ಕೂತಿರಿ. ಒಂದೇ ಒಂದು ಮೆಟ್ಟಿಲು ಕೆಳಗಿಳಿದರೂ ಜೋಕೆ, ಮೊಬೈಲಿನಿಂದ ಅಳಿಸಿಬಿಡುತ್ತೇನೆ.