ಸರ್ಕಾರಕ್ಕೆ ಎರಡು, ನಮಗೆ ಮೂರು

ದೆಹಲಿಯಲ್ಲಿ ಯಾರೋ ಬಜೆಟ್ಟಿನಲ್ಲಿ ಒಂದು ಸಾಲು ಬದಲಾಯಿಸಿದರೆ ಸಾಕು, ಚೆನ್ನೈನ ಅಂಬತ್ತೂರಿನಲ್ಲಿ ನನ್ನ ಮೇಜಿನ ಮುಂದೆ ಜಗಳ ಶುರುವಾಗುತ್ತಿತ್ತು. ಒಂದು ವರ್ಷವೂ ತಪ್ಪಿದ್ದಿಲ್ಲ. ನಾನಿದ್ದದ್ದು ನೀರಿನ ಪಂಪು ತಯಾರಿಸುವ ಕಾರ್ಖಾನೆಯ ಸಂಬಳದ ವಿಭಾಗದಲ್ಲಿ. ಉಳಿದ ದಿನಗಳಲ್ಲಿ ನನ್ನನ್ನು ತಿರುಗಿಯೂ ನೋಡದವರು, ಪೊಂಗಲ್ ಮುಗಿದು ತೆರಿಗೆ ಉಳಿತಾಯದ ರಸೀದಿ ಕೊಡುವ ಕಾಲ ಬಂತೆಂದರೆ, ‘ಮೇಡಂ, ಟಿಫನ್ ಆಯ್ತಾ?’ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಆ ಎರಡು ತಿಂಗಳು ನನ್ನ ಆರೋಗ್ಯದ ಬಗ್ಗೆ ಇಡೀ ಕಾರ್ಖಾನೆಗೇ ಕಾಳಜಿ.

ಎರಡು ಸಾವಿರದ ಮೂರರ ಸುಮಾರಿಗೆ ಒಂದು ಹೊಸ ನಿಯಮ ಬಂತು. ಮಕ್ಕಳ ಶಾಲೆಯ ಟ್ಯೂಷನ್ ಫೀಸಿಗೂ ತೆರಿಗೆಯಲ್ಲಿ ರಿಯಾಯಿತಿ. ಆದರೆ ಒಬ್ಬರ ಲೆಕ್ಕದಲ್ಲಿ ಎರಡೇ ಮಕ್ಕಳು. ಸುತ್ತೋಲೆ ಓದಿದಾಗ, ಪರವಾಗಿಲ್ಲವೇ, ಸರ್ಕಾರಕ್ಕೂ ಮಕ್ಕಳೊಂದಿಗರ ಕಷ್ಟ ಗೊತ್ತಾಗಿದೆ ಅನ್ನಿಸಿತು. ನಮ್ಮ ಮನೆಯಲ್ಲಿ ಮಕ್ಕಳು ಮೂರು ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ. ಅದು ಬಂದದ್ದು ಆಮೇಲೆ, ಅಳುವಿನ ರೂಪದಲ್ಲಿ.

೧. ವಿದ್ಯೆ ಎಲ್ಲೆಲ್ಲಿ ಸಿಗುತ್ತದೆ

ಮೊದಲ ವರ್ಷ ಯಾರಿಗೂ ಏನು ತರಬೇಕೆಂದು ಗೊತ್ತಿರಲಿಲ್ಲ. ಕರಾಟೆ ಕ್ಲಾಸಿನ ರಸೀದಿ ಬಂತು. ವೀಣೆ ಪಾಠದ್ದು ಬಂತು. ಅಕ್ಷರ ದುಂಡಗೆ ಬರೆಸುವ ರಜೆಯ ಕ್ಯಾಂಪಿನದ್ದು ಬಂತು. ಶಾಲೆಯ ಟ್ಯೂಷನ್ ಫೀಸು ಮಾತ್ರ, ವ್ಯಾನಿನದೂ ಬೇಡ, ಯೂನಿಫಾರಮ್ಮಿನದೂ ಬೇಡ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಸ್ಟೋರ್ಸಿನ ಒಬ್ಬ ಗುಮಾಸ್ತರು ಎಲ್ಲರೂ ಹೋದ ಮೇಲೆ ಮೆಲ್ಲಗೆ ಬಂದು ಒಂದು ಸಣ್ಣ ಚೀಟಿ ಇಟ್ಟರು. ನೋಡಿದೆ. ದೇವಸ್ಥಾನದ ಅರ್ಚನೆ ಚೀಟಿ.

‘ಇದೇನು ಸಾರ್?’ ಅಂದೆ.

‘ಮಗನ ಗಣಿತ ಪರೀಕ್ಷೆಗೆ ಮಾಡಿಸಿದ್ದು.’

‘ಇದು ನಡೆಯೋದಿಲ್ಲ ಸಾರ್. ಸ್ಕೂಲಿನದ್ದು ಬೇಕು.’

ಅವರು ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು: ‘ಮೇಡಂ, ಸ್ಕೂಲಿಗೆ ಕಟ್ಟಿದ್ದು ದಂಡ. ಅವನು ಪಾಸಾದದ್ದು ಇದರಿಂದ.’

೨. ಕ್ಯಾಂಟೀನಿನ ದಾನಿ

ನಮ್ಮ ಖರೀದಿ ವಿಭಾಗದ ಮ್ಯಾನೇಜರಿಗೆ ಒಬ್ಬನೇ ಮಗ. ಅವನನ್ನು ದೊಡ್ಡ ಶಾಲೆಗೆ ಸೇರಿಸಲು ತಾವು ಕೊಟ್ಟ ಡೊನೇಶನ್ ಎಷ್ಟೆಂಬುದನ್ನು ಅವರು ಕ್ಯಾಂಟೀನಿನಲ್ಲಿ ಸಾಂಬಾರಿನ ಜೊತೆ ದಿನವೂ ಬಡಿಸುತ್ತಿದ್ದರು. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೂ ಇತ್ತು. ಆ ಶಾಲೆಯ ಹೊಸ ಕಟ್ಟಡದ ಮೊದಲ ಮಹಡಿ ತಮ್ಮದೇ ಎಂಬಂತೆ ಮಾತಾಡುವವರು.

ಅವರು ರಸೀದಿ ತಂದಾಗ ನನಗೂ ಸ್ವಲ್ಪ ಕುತೂಹಲವಿತ್ತು, ಸುಳ್ಳು ಯಾಕೆ ಹೇಳಲಿ. ಬಿಡಿಸಿ ನೋಡಿದರೆ ಟ್ಯೂಷನ್ ಫೀಸು ಅಂತ ಇದ್ದದ್ದು ನಮ್ಮ ಬೀದಿಯ ಸಣ್ಣ ಶಾಲೆಗಿಂತ ಕಡಿಮೆ. ಡೊನೇಶನ್ನಿಗೆ ರಸೀದಿಯೇ ಇಲ್ಲ. ಇದ್ದಿದ್ದರೂ ನಿಯಮದ ಪ್ರಕಾರ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗೆಂದು ಹೇಳಿದೆ.

ಅವರು ಸುತ್ತಮುತ್ತ ನೋಡಿ, ‘ಮೇಡಂ, ಇಷ್ಟೇ ಫೀಸು ಅಂತ ಯಾರಿಗೂ ಹೇಳಬೇಡಿ’ ಅಂದರು.

‘ತೆರಿಗೆ ಇಲಾಖೆಗೆ ಹೇಳಲೇಬೇಕಲ್ಲ ಸಾರ್.’

‘ಅವರಿಗೆ ಹೇಳಿಕೊಳ್ಳಿ. ಕ್ಯಾಂಟೀನಿನಲ್ಲಿ ಬೇಡ.’

೩. ಮುಂದಾಲೋಚನೆ

ಏಪ್ರಿಲ್ ತಿಂಗಳಲ್ಲಿ ಎಲ್ಲರೂ ಆ ವರ್ಷ ಏನೇನು ಉಳಿತಾಯ ಮಾಡುತ್ತೇವೆಂದು ಮುಂಚಿತವಾಗಿ ಬರೆದು ಕೊಡಬೇಕು. ಅದನ್ನು ನಂಬಿ ನಾವು ತಿಂಗಳ ತೆರಿಗೆ ಹಿಡಿಯುತ್ತೇವೆ. ಮಾಡಿದ್ದಕ್ಕೆ ಸಾಕ್ಷಿಯನ್ನು ಮುಂದಿನ ಜನವರಿಯಲ್ಲಿ ಕೊಟ್ಟರಾಯಿತು.

ಡಿಸೈನ್ ವಿಭಾಗದಲ್ಲಿ ಆಗತಾನೇ ಮದುವೆಯಾಗಿದ್ದ ಒಬ್ಬ ಎಂಜಿನಿಯರ್ ಇದ್ದ. ಬಹಳ ಅಚ್ಚುಕಟ್ಟಿನ ಹುಡುಗ. ಅವನು ವಿಮೆಯ ಕಂತು ಬರೆದು, ಉಳಿತಾಯ ಪತ್ರ ಬರೆದು, ಅದರ ಕೆಳಗೆ ಮಕ್ಕಳ ಟ್ಯೂಷನ್ ಫೀಸು, ಮಕ್ಕಳು ಎರಡು ಎಂದೂ ಬರೆದಿದ್ದ. ಕರೆಸಿದೆ.

‘ಏನಪ್ಪಾ, ಎರಡು ಮಕ್ಕಳು ಅಂತ ಬರೆದಿದ್ದೀಯಲ್ಲ?’

‘ಪ್ಲಾನ್ ಬರೆಯೋದಕ್ಕೆ ಹೇಳಿದ್ರಿ ಮೇಡಂ.’

‘ಎರಡೂ ಇದೇ ವರ್ಷವಾ?’

ನಾಚಿಕೊಂಡು ಒಂದನ್ನು ಹೊಡೆದು ಹಾಕಿದ. ಇನ್ನೊಂದನ್ನು ನಾನೇ ಹೊಡೆದು ಹಾಕಿದೆ. ಜನವರಿಯಲ್ಲಿ ಅವನೇ ಸಿಹಿ ಹಿಡಿದುಕೊಂಡು ಬಂದ. ಹೆಂಡತಿ ಬಸುರಿ. ‘ಆದರೆ ಡಾಕ್ಟರು ಏಪ್ರಿಲ್ ಅಂತಾರೆ ಮೇಡಂ. ಮಾರ್ಚ್ ಒಳಗೆ ಆಗೋ ಹಾಗೆ ಕಾಣಲ್ಲ’ ಎಂದು ಗಡುವು ತಪ್ಪಿದವನ ಹಾಗೆ ತಲೆ ಕೆಳಗೆ ಹಾಕಿದ.

ನನಗೆ ಪಾಪ ಅನ್ನಿಸಿತು. ‘ನೋಡಪ್ಪಾ, ಮಗು ಹುಟ್ಟಿದರಷ್ಟೇ ಸಾಲದು, ಅದು ಸ್ಕೂಲಿಗೂ ಹೋಗಬೇಕು. ಅದಕ್ಕಿನ್ನೂ ತುಂಬಾ ದಿನ ಇದೆ’ ಎಂದು ಸಮಾಧಾನ ಹೇಳಿದೆ.

‘ಅದು ಆಯ್ತಲ್ಲ ಮೇಡಂ,’ ಅಂದ. ‘ಅಡ್ಯಾರಿನ ಸ್ಕೂಲಿಗೆ ಹೇಳಿಟ್ಟಿದ್ದೀನಿ. ಹುಟ್ಟಿದ್ದು ಗಂಡೋ ಹೆಣ್ಣೋ ಅಂತ ಫೋನ್ ಮಾಡಿ ತಿಳಿಸಿದರೆ ಸಾಕು.’

೪. ಲೆಕ್ಕಕ್ಕಿಲ್ಲದವನು

ಇಷ್ಟು ದಿನ ಊರಿನವರ ಮಕ್ಕಳ ಲೆಕ್ಕ ನೋಡಿ ನಗುತ್ತಿದ್ದವಳಿಗೆ ನಮ್ಮ ಮನೆಯ ಸರದಿ ಬಂತು.

ನಮ್ಮ ಮನೆ ಅಣ್ಣಾ ನಗರದಲ್ಲಿ. ನಮ್ಮವರ ಅಜ್ಜನ ಕಾಲದಲ್ಲಿ ಮೈಸೂರು ಸೀಮೆಯಿಂದ ಬಂದ ಕುಟುಂಬ. ನಾನೂ ಅತ್ತೆಯೂ ಕನ್ನಡದಲ್ಲಿ ಕೇಳುತ್ತೇವೆ, ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ದೊಡ್ಡವಳು ಆಗ ಒಂಬತ್ತನೇ ಕ್ಲಾಸು, ನಡುವಿನವನು ಆರನೇ ಕ್ಲಾಸು, ಕಿರಿಯವನು ಒಂದನೇ ಕ್ಲಾಸು. ನಮ್ಮವರು ಒಂದು ವಿಮಾ ಕಚೇರಿಯಲ್ಲಿದ್ದರು. ನನಗಿಂತ ಅವರಿಗೆ ಸಂಬಳ ಜಾಸ್ತಿ, ತೆರಿಗೆಯೂ ಜಾಸ್ತಿ. ಹೀಗಾಗಿ ಮಕ್ಕಳನ್ನು ಅವರ ಲೆಕ್ಕದಲ್ಲಿ ತೋರಿಸುವುದೆಂದು ತೀರ್ಮಾನವಾಯಿತು. ಎರಡೇ ಮಕ್ಕಳಿಗೆ ಅವಕಾಶ, ಆದ್ದರಿಂದ ಫೀಸು ಹೆಚ್ಚಿದ್ದ ಮೊದಲಿಬ್ಬರ ರಸೀದಿಗಳನ್ನು ಪಿನ್ನು ಚುಚ್ಚಿ ಇಟ್ಟರು. ಲೆಕ್ಕದ ಪ್ರಕಾರ ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ಪಿನ್ನು ಚುಚ್ಚುವುದನ್ನು ನಡುವಿನವನು ನೋಡಿದ. ತಮ್ಮನ ಹತ್ತಿರ ಹೋಗಿ, ‘ನಾನೂ ಅಕ್ಕನೂ ಗವರ್ನಮೆಂಟ್ ಲೆಕ್ಕದಲ್ಲಿದ್ದೀವಿ. ನೀನಿಲ್ಲ’ ಅಂದ.

ಕಿರಿಯವನು ಓಡಿಬಂದು ಅವರಪ್ಪನ ಮುಂದೆ ನಿಂತು, ‘ಅಪ್ಪೋ ನಾ ಯಾರು?’ ಎಂದು ಕೇಳಿದ. ಹಾಗಾದರೆ ನಾನು ಯಾರು ಅಂತ.

ಯಾವ ಭಾಷೆಯಲ್ಲಿ ಕೇಳಿದರೂ ಅದು ಸುಲಭದ ಪ್ರಶ್ನೆಯಲ್ಲ. ನಮ್ಮವರು ಪೆನ್ಸಿಲ್ ತೆಗೆದುಕೊಂಡರು. ಅವರಿಗೆ ಯಾವ ಸಂಕಟ ಬಂದರೂ ಮೊದಲು ಪೆನ್ಸಿಲ್ ತೆಗೆದುಕೊಳ್ಳುತ್ತಾರೆ. ಒಂದನೇ ಕ್ಲಾಸಿನ ಹುಡುಗನಿಗೆ ಆದಾಯ ತೆರಿಗೆಯನ್ನು ಮೊದಲಿನಿಂದ ವಿವರಿಸಿದರು. ಅವನು ಕಣ್ಣು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿ, ‘ಅಣ್ಣನ್ನ ತೆಗೆದು ನನ್ನ ಹಾಕಿ’ ಅಂದ.

‘ನಿನ್ನ ಫೀಸು ಕಮ್ಮಿ ಕಣೋ.’

‘ಹಾಗಾದ್ರೆ ಜಾಸ್ತಿ ಫೀಸಿನ ಸ್ಕೂಲಿಗೆ ಹಾಕಿ.’

ನಮ್ಮವರು ಪೆನ್ಸಿಲ್ ಕೆಳಗಿಟ್ಟರು.

ಮರುದಿನ ಅವನು ಯೂನಿಫಾರಂ ಹಾಕಿಕೊಳ್ಳಲಿಲ್ಲ. ಲೆಕ್ಕದಲ್ಲಿಲ್ಲದವನು ಸ್ಕೂಲಿಗೆ ಯಾಕೆ ಹೋಗಬೇಕು ಅನ್ನುವುದು ಅವನ ವಾದ. ಬೈದು ನೋಡಿದೆ, ಚಾಕಲೇಟು ತೋರಿಸಿ ನೋಡಿದೆ, ಆಗಲಿಲ್ಲ. ಕೊನೆಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದರು. ಅವನನ್ನು ದಿನವೂ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗಿ ಬರುವವರು ಅವರೇ.

‘ಯಾವನೋ ಹೇಳಿದ್ದು ನೀನು ಲೆಕ್ಕದಲ್ಲಿಲ್ಲ ಅಂತ? ನೀನು ನನ್ನ ಲೆಕ್ಕ. ಬಾ, ಬೆಲ್ ಹೊಡೀತಾರೆ.’

ಅವನು ಚಡ್ಡಿ ಹಾಕಿಕೊಳ್ಳುತ್ತಾ ಕೇಳಿದ: ‘ಅದು ಗವರ್ನಮೆಂಟಿಗೆ ಗೊತ್ತಾ ಅಜ್ಜಿ?’

ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ‘ನಿಮ್ಮಮ್ಮ ಆಫೀಸಿನಿಂದ ತಿಳಿಸ್ತಾಳೆ’ ಎಂದು ಹೇಳಿ, ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು. ನಾನು ಒಳಗೆ ಹೋಗಿ ಅವನ ಫೀಸಿನ ರಸೀದಿ ಹುಡುಕಿ ಬ್ಯಾಗಿಗೆ ಹಾಕಿಕೊಂಡೆ.

೫. ಏಳನೆಯವರು

ಕಿರಿಯವನ ರಸೀದಿಯನ್ನು ನನ್ನ ಲೆಕ್ಕಕ್ಕೆ ಹಾಕಿದೆ. ತಾಯಿಯ ಲೆಕ್ಕದಲ್ಲೂ ಇಬ್ಬರಿಗೆ ಜಾಗವಿದೆ, ನಿಯಮ ಅಡ್ಡ ಬರುವುದಿಲ್ಲ. ಒಂದೇ ತೊಂದರೆ. ಹೆಂಗಸರಿಗೆ ಆಗ ಪ್ರತ್ಯೇಕ ರಿಯಾಯಿತಿ ಇತ್ತು. ನನ್ನ ಸಂಬಳಕ್ಕೆ ಅದನ್ನು ಕಳೆದರೆ ತೆರಿಗೆಯೇ ಬರುತ್ತಿರಲಿಲ್ಲ.

ನಮ್ಮ ಅಕೌಂಟ್ಸ್ ಆಫೀಸರು ನಿವೃತ್ತಿಗೆ ಹತ್ತಿರವಾಗಿದ್ದ ತಮಿಳರು. ಮಹಾ ಖಡಕ್ಕು. ನನ್ನ ಕಾಗದ ನೋಡಿದವರೇ ಕನ್ನಡಕ ತೆಗೆದರು.

‘ಏನಮ್ಮಾ ಇದು? ನಿನ್ನ ತೆರಿಗೆ ಸೊನ್ನೆ. ಸೊನ್ನೆಯಲ್ಲಿ ಏನು ಕಳೀತೀಯ?’

‘ಏನೂ ಇಲ್ಲ ಸಾರ್. ಕಾಗದ ಫೈಲಿನಲ್ಲಿದ್ದರೆ ಸಾಕು.’

‘ಎದಕ್ಕು?’ ಯಾತಕ್ಕೆ ಅಂತ ಕೇಳಿದರು.

ನಡೆದದ್ದು ಹೇಳಿದೆ. ಈ ವಯಸ್ಸಿನಲ್ಲಿ ಆಫೀಸಿನಲ್ಲಿ ಮಗುವಿನ ಅಳುವಿನ ಕಥೆ ಹೇಳುತ್ತಾ ನಿಂತಿದ್ದೇನಲ್ಲ ಎಂದು ನನಗೇ ಸಂಕೋಚವಾಯಿತು. ಅವರು ನಗಲಿಲ್ಲ. ಡ್ರಾಯರಿನಿಂದ ‘ಪರಿಶೀಲಿಸಲಾಗಿದೆ’ ಎನ್ನುವ ಮೊಹರು ತೆಗೆದು, ಇಂಕಿಗೆ ಚೆನ್ನಾಗಿ ಒತ್ತಿ, ರಸೀದಿಯ ಮೇಲೆ ಹೊಡೆದರು. ನಾನು ತಂದಿದ್ದ ಜೆರಾಕ್ಸ್ ಪ್ರತಿಯ ಮೇಲೂ ಒಂದು ಹೊಡೆದು ಸಹಿ ಹಾಕಿದರು.

‘ನಮ್ಮ ಮನೆಯಲ್ಲಿ ನಾನು ಏಳನೆಯವನು,’ ಅಂದರು. ‘ಊಟಕ್ಕೆ ಕರೆಯುವಾಗ ನಮ್ಮಪ್ಪ ಆರು ಹೆಸರು ಹೇಳಿ ನಿಲ್ಲಿಸಿಬಿಡುತ್ತಿದ್ದರು.’

೬. ಖಾಲಿ ಜಾಗ

ಆ ಜೆರಾಕ್ಸು ನಮ್ಮ ಮನೆಯ ಫ್ರಿಜ್ಜಿನ ಮೇಲೆ ಬಹಳ ಕಾಲ ಅಂಟಿಕೊಂಡಿತ್ತು. ಮನೆಗೆ ಬಂದವರಿಗೆಲ್ಲ ಕಿರಿಯವನು ಮೊಹರು ತೋರಿಸುತ್ತಿದ್ದ. ಗ್ಯಾಸ್ ಸಿಲಿಂಡರ್ ತಂದವನಿಗೂ ತೋರಿಸಿದ.

ಅದಾಗಿ ಎರಡು ಬಜೆಟ್ ಕಳೆಯಿತು. ಹಳೆಯ ರಿಯಾಯಿತಿಗಳನ್ನೆಲ್ಲ ತೆಗೆದು, ಪಿ.ಎಫ್., ವಿಮೆ, ಮನೆ ಸಾಲದ ಅಸಲು, ಮಕ್ಕಳ ಫೀಸು ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ, ಒಂದು ಲಕ್ಷಕ್ಕೆ ಬಾಯಿ ಕಟ್ಟಿದರು. ನಮ್ಮವರು ಪೆನ್ಸಿಲ್ ತೆಗೆದುಕೊಂಡು ಕೂತರು. ಅವರ ಪಿ.ಎಫ್., ವಿಮೆ, ಫ್ಲ್ಯಾಟಿನ ಸಾಲ, ಇಷ್ಟಕ್ಕೇ ಮೂಟೆ ತುಂಬಿತು. ಊಟ ಬಡಿಸುವಾಗ ಬಹಳ ಸಂತೋಷದಿಂದ ಘೋಷಿಸಿದರು: ‘ಈ ವರ್ಷ ಯಾವ ಮಕ್ಕಳೂ ಬೇಡ.’

ದೊಡ್ಡವಳು ಚಪಾತಿ ಕೆಳಗಿಟ್ಟಳು. ಆಗ ಅವಳು ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು. ‘ನಾನೂ ಬೇಡ್ವಾ? ನನ್ನ ಫೀಸು ಎಷ್ಟು ಗೊತ್ತಾ ಅಪ್ಪಾ?’

‘ನೀನೂ ಬೇಡಮ್ಮ. ಮನೆ ಸಾಲವೇ ಸಾಕು.’

‘ಅಂದ್ರೆ ನಮಗಿಂತ ಫ್ಲ್ಯಾಟು ಮುಖ್ಯ,’ ಎಂದು ನಡುವಿನವನು ಮೂಗೇರಿಸಿದ.

ಕಿರಿಯವನು ನನ್ನ ಕಡೆ ತಿರುಗಿದ. ಆಗ ಅವನು ಮೂರನೇ ಕ್ಲಾಸು. ಮುಖ ಸಣ್ಣದಾಗಿತ್ತು. ‘ಅಮ್ಮಾ, ನಿಂದು?’

ನನ್ನದು ಬೇರೆಯೇ ಆಗಿತ್ತು. ಆ ವರ್ಷ ಇನ್‌ಕ್ರಿಮೆಂಟ್ ಬಂದು ನನಗೂ ತೆರಿಗೆ ಹತ್ತಿತ್ತು. ನನ್ನ ಮೂಟೆಯಲ್ಲಿ ಪಿ.ಎಫ್. ಬಿಟ್ಟರೆ ಏನೂ ಇರಲಿಲ್ಲ. ಅವನ ರಸೀದಿಯಿಂದ ಮೊದಲ ಸಲ ನಿಜವಾಗಿಯೂ ದುಡ್ಡು ಉಳಿಯುವುದಿತ್ತು. ‘ನೀನಿದ್ದೀಯ ಕಣೋ,’ ಅಂದೆ. ‘ನೀನಿಲ್ಲದೆ ಆಗೋದೇ ಇಲ್ಲ.’

ಅವನು ನೆಟ್ಟಗೆ ಕೂತ. ತುಪ್ಪ ಹಾಕಿಸಿಕೊಂಡ. ಆಮೇಲೆ ನಿಧಾನವಾಗಿ, ‘ಇನ್ನೊರು ಇಡಂ ಇರುಕ್ಕಾ?’ ಎಂದು ಕೇಳಿದ. ಇನ್ನೊಂದು ಜಾಗ ಇದೆಯಾ ಅಂತ.

‘ಇದೆ. ಇನ್ನೊಬ್ಬರಿಗೆ ಇದೆ.’

ಅಕ್ಕ, ಅಣ್ಣ ಇಬ್ಬರೂ ತಲೆ ಎತ್ತಿದರು. ರಸೀದಿ ಹಾಕುವವಳು ನಾನು. ಆದರೆ ಅವರಿಬ್ಬರೂ ನನ್ನನ್ನು ಕೇಳಲಿಲ್ಲ, ತಮ್ಮನನ್ನು ನೋಡಿದರು. ಅವನು, ‘ಯೋಚನೆ ಮಾಡಿ ಹೇಳ್ತೀನಿ’ ಅಂದ.

ಆ ವಾರ ನಮ್ಮ ಮನೆಯಲ್ಲಿ ಅವನದೇ ದರ್ಬಾರು. ಟೀವಿ ರಿಮೋಟ್ ಅವನ ಕೈಗೆ ಬಂತು. ಅಣ್ಣ ಮೊದಲ ಬ್ಯಾಟಿಂಗ್ ಬಿಟ್ಟುಕೊಟ್ಟು, ಔಟಾದರೂ ಔಟಿಲ್ಲ ಅಂದ. ಅಕ್ಕ ಅವನ ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಲೇಬಲ್ ಬರೆದಳು. ನನ್ನ ಮೇಜಿನ ಮುಂದೆ ಜನವರಿಯಲ್ಲಿ ನಡೆಯುವುದೆಲ್ಲ ಅವನ ಮುಂದೆ ನಡೆಯಿತು. ಇಷ್ಟರಲ್ಲೇ ಟಿಫನ್ ಆಯ್ತಾ ಅಂತಲೂ ಕೇಳುತ್ತಾರೆ ಅಂದುಕೊಂಡೆ.

ಭಾನುವಾರ ಎಲ್ಲರೂ ಹಾಲಿನಲ್ಲಿದ್ದಾಗ ತೀರ್ಪು ಹೊರಬಿತ್ತು.

‘ಇನ್ನೊಂದು ಜಾಗ ಅಜ್ಜಿಗೆ.’

ಅಣ್ಣ ಕುಣಿದಾಡಿದ. ‘ಅಜ್ಜಿಗಾ? ಲೂಸು! ಅದು ಸ್ಕೂಲಿಗೆ ಹೋಗೋರಿಗೆ ಕಣೋ!’

‘ಅಜ್ಜಿ ದಿನಾ ಹೋಗ್ತಾರಲ್ಲ,’ ಅಂದ ಕಿರಿಯವನು. ‘ಮೂರು ವರ್ಷದಿಂದ ನನ್ನ ಜೊತೆ ಹೋಗ್ತಿದ್ದಾರೆ. ನಿನ್ನ ಹಾಗೆ ಒಂದು ದಿನವೂ ಹೊಟ್ಟೆನೋವು ಅಂದಿಲ್ಲ.’

ನಮ್ಮವರು ಪೆನ್ಸಿಲ್ ಹುಡುಕತೊಡಗಿದರು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಆಮೇಲೆ ಸ್ವಲ್ಪ ಮುಂದೆ ಬಗ್ಗಿ, ನನ್ನನ್ನು ಗಂಭೀರವಾಗಿ ಕೇಳಿದರು:

‘ಯಾವ ಕ್ಲಾಸು ಅಂತ ಬರೀತೀಯಮ್ಮ?’