ಡ್ರಮ್ಮಿಗೊಂದು ಪುಕ್ಕಟೆ ಗಾಡಿ

ಕುಡಿತ ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನು ನೋಡಿದ್ದೇನೆ, ನಶ್ಯದ ಡಬ್ಬಿಯನ್ನು ಅಮಾನಿಕೆರೆಗೆ ಎಸೆದು ಮಾರನೆಯ ದಿನ ಹುಡುಕಲು ಹೋದವರನ್ನೂ ನೋಡಿದ್ದೇನೆ. ಆದರೆ ಅಗ್ಗದಲ್ಲಿ ಪ್ರಯಾಣ ಮಾಡುವ ಚಟ ಹತ್ತಿದವನು ಅದನ್ನು ಬಿಟ್ಟದ್ದನ್ನು ಮಾತ್ರ ಕಂಡಿಲ್ಲ. ಯಾಕೆಂದರೆ ಅದನ್ನು ಯಾರೂ ಚಟ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಮುದುಕನಾದೆ. ಹೈಸ್ಕೂಲು ಮುಗಿಸಿದ ಮೇಲೆ ನನಗೆ ಸಿಕ್ಕ ಕೆಲಸ, ಶಿಡ್ಲಘಟ್ಟದ ಮಾಲೀಕರ ರೇಷ್ಮೆ ನೂಲನ್ನು ಬೆಂಗಳೂರಿನ ಅಂಗಡಿಗಳಿಗೆ ತಲುಪಿಸುವುದು. ಆಟೋಗೆಂದು ಅವರು ಕೊಟ್ಟ ದುಡ್ಡು ಒಂದು ದಿನವೂ ಆಟೋದ ಮುಖ ನೋಡಲಿಲ್ಲ. ಯಾವ ಬಸ್ಸು ಎಲ್ಲಿ ನಿಧಾನವಾಗುತ್ತದೆ, ಯಾವ ಸ್ಟಾಪಿನಿಂದ ಯಾವ ಓಣಿ ಹಿಡಿದು ನಡೆದರೆ ಇನ್ನೊಂದು ಬಸ್ಸಿನ ಟಿಕೆಟ್ ಉಳಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ನೇರ ಬಸ್ಸು ಹತ್ತುವವನನ್ನು ಕಂಡರೆ ಇವತ್ತಿಗೂ ಒಳಗೊಳಗೇ ಮರುಕ ಹುಟ್ಟುತ್ತದೆ. ಈ ಜಾಣತನ ಮೊಮ್ಮಗಳ ಬಾಳಿಗೆ ಅಡ್ಡ ಬಂದ ಕಥೆಯನ್ನು ಈಗ ಹೇಳಿಬಿಡುತ್ತೇನೆ.

ಮೊಮ್ಮಗಳು ನವ್ಯ ಡ್ರಮ್ ಬಾರಿಸುತ್ತಾಳೆ. ಅವಳ ಗೆಳತಿ ಶಬ್ರೀನ್ ಗಿಟಾರು ಹಿಡಿದು ಹಾಡುತ್ತಾಳೆ. ಚಿಂತಾಮಣಿಯ ಗಿರೀಶ ನಾಲ್ಕೇ ತಂತಿಯ ಇನ್ನೊಂದು ಗಿಟಾರು ನುಡಿಸುತ್ತಾನೆ, ಉಳಿದ ಎರಡು ತಂತಿ ಏನಾಯಿತು ಎಂದು ಕೇಳಿದರೆ ಅವನಿಗೆ ಬೇಜಾರಾಗುತ್ತದೆ. ಮೂವರೂ ಸೇರಿ ರಾಕ್ ಬ್ಯಾಂಡ್ ಕಟ್ಟಿದರು. ಹೆಸರು ಬೈವೋಲ್ಟಿನ್. ಅದು ನಮ್ಮ ಕಡೆ ಸಾಕುವ ಒಂದು ಬಗೆಯ ರೇಷ್ಮೆ ಹುಳು, ಹಾಗಾಗಿ ಜಂಗಮಕೋಟೆಯ ರೈತರೊಬ್ಬರು ಫೋನ್ ಮಾಡಿ ಮೊಟ್ಟೆ ಯಾವಾಗ ಸಿಗುತ್ತೆ ಎಂದು ವಿಚಾರಿಸಿದರು. ಶಬ್ರೀನಳ ತಂದೆ ಅನ್ವರ್ ಸಾಹೇಬರ ನೂಲು ತೆಗೆಯುವ ಶೆಡ್ಡು ಮುಚ್ಚಿಹೋಗಿತ್ತು. ಅಲ್ಲೇ ಇವರ ಅಭ್ಯಾಸ, ಅಲ್ಲೇ ಮೊದಲ ಆಲ್ಬಮ್ಮಿನ ರೆಕಾರ್ಡಿಂಗು. ಅದಕ್ಕೆ ‘ನಾಲ್ಕನೇ ಜ್ವರ’ ಎಂದು ಹೆಸರಿಟ್ಟರು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ ನಿದ್ದೆ ಹೋಗಿ, ಹಳೇ ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಅದು ಸೊಪ್ಪು ತಿನ್ನುವ ರಭಸ ನೋಡಬೇಕು. ನವ್ಯಳ ಡ್ರಮ್ಮೂ ಹಾಗೇ. ಆಲ್ಬಂ ತೋರಿಸು ಎಂದರೆ ಫೋನು ಮುಂದೆ ಹಿಡಿದಳು. ಬಿಡುಗಡೆ ಮಾಡಲು ಕೈಯಲ್ಲಿ ಹಿಡಿಯುವ ವಸ್ತುವೇ ಇಲ್ಲದ ಬಿಡುಗಡೆ ಸಮಾರಂಭ ಬೆಂಗಳೂರಿನ ಜಯನಗರದಲ್ಲಿ, ಒಂದು ಕಾಫಿ ಅಂಗಡಿಯ ಮಹಡಿಯ ಮೇಲೆ ಎಂದು ಗೊತ್ತಾಯಿತು. ದೊಡ್ಡ ದೊಡ್ಡ ಉತ್ಸವಗಳಿಗೆ ಬ್ಯಾಂಡುಗಳನ್ನು ಆರಿಸುವ ಹೆಂಗಸೊಬ್ಬರು ಬಂದು ಕೇಳುತ್ತೇನೆ ಎಂದಿದ್ದರಂತೆ. ನವ್ಯಳಿಗೆ ಅನ್ನ ಸೇರುತ್ತಿರಲಿಲ್ಲ. ಅವರಿಗೆ ಹಿಡಿಸಿದರೆ ಮುಂದಿನ ದಾರಿ, ಇಲ್ಲದಿದ್ದರೆ ಅಪ್ಪ ನೋಡಿಟ್ಟಿದ್ದ ಕಂಪ್ಯೂಟರ್ ಕೋರ್ಸು.

ಪ್ರಯಾಣದ ಉಸ್ತುವಾರಿ ನನಗೆ ಬಿಡಿ ಎಂದೆ. ಮಕ್ಕಳು ಬಾಡಿಗೆ ಟೆಂಪೋ ಮಾತಾಡಲು ಹೊರಟಿದ್ದರು, ನಾನೇ ತಡೆದೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನನಗೆ ವಯಸ್ಸಿನ ರಿಯಾಯಿತಿ, ಪೂರ್ತಿ ಟಿಕೆಟ್ ಕೊಳ್ಳುವವನು ಗಿರೀಶನೊಬ್ಬನೇ. ಉಳಿದದ್ದು ಡ್ರಮ್ಮು. ಅದಕ್ಕೆ ಒಂದು ಗಾಡಿ ಹೇಳಿದ್ದೇನೆ, ಬಿಡಿಗಾಸಿಲ್ಲ ಎಂದಾಗ ಶಬ್ರೀನ್ ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾವ ಗಾಡಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನ್ನ ಹಳೇ ದೋಸ್ತ ಬಾಬುವಿನ ವ್ಯಾನು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಸತ್ತ ಹುಳುವನ್ನು ನಮ್ಮೂರಲ್ಲಿ ಪ್ಯೂಪಾ ಎನ್ನುತ್ತಾರೆ. ಬಾಬು ಅದನ್ನು ಮೂಟೆ ಕಟ್ಟಿಸಿ ಬೆಂಗಳೂರಿನಾಚೆ ಕೋಳಿ ಮೇವು ಮಾಡುವವರಿಗೆ ಹಾಕಿ ಬರುತ್ತಾನೆ. ಮೂಟೆಗಳ ಮೇಲೆ ಡ್ರಮ್ಮು ಕೂತರೆ ಅವನಿಗೇನು ಭಾರ? ವಾಸನೆಯ ವಿಷಯ ನನ್ನ ತಲೆಗೆ ಬರಲೇ ಇಲ್ಲ. ಓದುಗರು ನಂಬಬೇಕು. ಶಿಡ್ಲಘಟ್ಟದಲ್ಲಿ ಹುಟ್ಟಿದವರ ಮೂಗಿಗೆ ಅದು ವಾಸನೆಯೇ ಅಲ್ಲ, ಗಾಳಿ. ನಮ್ಮ ಮನೆಗೆ ಬಂದ ಗೌರಿಬಿದನೂರಿನ ಬೀಗರು ಮೂಗಿಗೆ ಸೆರಗು ಹಿಡಿದು ಕೂತಾಗ, ಪಾಪ ನೆಗಡಿ ಎಂದು ನಾನು ಮೆಣಸಿನ ಕಷಾಯ ಮಾಡಿಸಿಕೊಟ್ಟವನು.

ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಬಾಬು ಡ್ರಮ್ಮನ್ನು ಜಯನಗರಕ್ಕೆ ಕೊಂಡೊಯ್ದ. ನಾವು ಬಸ್ಸು ಹತ್ತಿದೆವು. ಹೆಬ್ಬಾಳದಲ್ಲಿ ಇಳಿದರೆ ಸಲೀಸು ಎಂದು ನವ್ಯ ಫೋನು ನೋಡಿ ಹೇಳಿದಳು. ಬೆಂಗಳೂರನ್ನು ನನಗೆ ಫೋನು ತೋರಿಸಬೇಕೇ ಎಂದು ಮೆಜೆಸ್ಟಿಕ್ಕಿಗೇ ಕರೆದೊಯ್ದೆ. ಮೆಟ್ರೋ ಬೇಡ, ಅದು ಪುಕ್ಕಟೆ ಅಲ್ಲ. ಏಸಿ ಬಸ್ಸು ಬೇಡ, ಅದೂ ಪುಕ್ಕಟೆ ಅಲ್ಲ. ಮಾರ್ಕೆಟ್ಟಿನಲ್ಲಿ ಇಳಿದು ನನ್ನ ಕಾಲದ ಅಡ್ಡದಾರಿ ಹಿಡಿದರೆ ಅಲ್ಲಿ ದಾರಿಯ ಬದಲು ಒಂದು ಮಳಿಗೆ ನಿಂತಿತ್ತು. ಒಳಗೆ ಹೋಗಿ ಇನ್ನೊಂದು ಬಾಗಿಲಿನಿಂದ ಹೊರಬೀಳೋಣ ಎಂದೆ. ಇನ್ನೊಂದು ಬಾಗಿಲಿರಲಿಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಗಿಟಾರು ಹೊತ್ತ ಗಿರೀಶ ನಿಂತುಬಿಟ್ಟ. “ಅಯ್ಯೋ ದೇವುಡಾ. ತಾತಾ, ನಾವು ಹೋಗ್ತಿರೋದು ಪ್ರೋಗ್ರಾಮಿಗಾ, ಪಾದಯಾತ್ರೆಗಾ?” ಕೈವಾರಕ್ಕೆ ನಡೆದುಹೋಗುವ ಭಕ್ತರನ್ನು ನೋಡಿ ಕಲಿಯಪ್ಪ ಎಂದೆ. ಅವರಿಗೆ ದಾರೀಲಿ ಮಜ್ಜಿಗೆ ಕೊಡ್ತಾರೆ ಎಂದ.

ನಾವು ಜಯನಗರ ಮುಟ್ಟುವಷ್ಟರಲ್ಲಿ ಜನ ಬಂದು ಕೂತಾಗಿತ್ತು. ಕಿಟಕಿಯೆಲ್ಲ ಮುಚ್ಚಿ ಏಸಿ ಹಾಕಿದ್ದರು. ಬೆಳಗಿನಿಂದ ಒಳಗೇ ಇದ್ದ ಡ್ರಮ್ಮು ಹದವಾಗಿ ಪಕ್ವಗೊಂಡಿತ್ತು ಎಂದು ಈಗ ತಿಳಿಯುತ್ತದೆ, ಆಗ ತಿಳಿಯಲಿಲ್ಲ. ಮೊದಲ ಹಾಡಿನ ನಡುವೆ ಮುಂದಿನ ಸಾಲಿನವರು ಕರ್ಚೀಫು ತೆಗೆದರು. ಹಾಡು ಮನಸ್ಸಿಗೆ ತಟ್ಟಿದೆ ಎಂದು ನನಗೆ ಹೆಮ್ಮೆಯಾಯಿತು. ಎರಡನೆಯ ಹಾಡಿಗೆ ಅವರು ಹಿಂದಿನ ಸಾಲಿಗೆ ಬಂದರು, ಹಿಂದಿನವರು ಮೆಟ್ಟಿಲಿಗೆ ಹೋದರು. ಜುಟ್ಟು ಬಿಟ್ಟ ಅಂಗಡಿಯ ಯಜಮಾನ ನನ್ನ ಪಕ್ಕ ಬಗ್ಗಿ, “ಸಾರ್, ನಿಮಗೇನಾದ್ರೂ ವಾಸನೆ ಬರ್ತಿದ್ಯಾ?” ಎಂದು ಕೇಳಿದ. ನಾನು ಪ್ರಾಮಾಣಿಕವಾಗಿ ಮೂಗೆಳೆದು, ಕಾಫಿದು ಎಂದೆ. ಆಗಲೇ ನನ್ನ ಕಾಲ ಬಳಿ ಇದ್ದ ಡ್ರಮ್ಮಿನ ಚೀಲದ ಮೇಲೆ ಕಣ್ಣು ಬಿತ್ತು. ಹೊಲಿಗೆಯಲ್ಲಿ ಒಂದು ಪ್ಯೂಪಾ ಸಿಕ್ಕಿಕೊಂಡು ನನ್ನನ್ನೇ ನೋಡುತ್ತಿತ್ತು. ಗೌರಿಬಿದನೂರಿನ ಬೀಗರ ಸೆರಗು ತಟ್ಟನೆ ನೆನಪಾಯಿತು. ಪ್ಯೂಪಾವನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಚೀಲವನ್ನು ಕುರ್ಚಿಯಡಿಗೆ ಒದ್ದು, ಮೋರಿ ಕಟ್ಟಿರಬೇಕು ನೋಡಪ್ಪ ಎಂದುಬಿಟ್ಟೆ. ಪಾಪ, ಆ ಯಜಮಾನ ಕೊಳಾಯಿಯವನನ್ನು ಕರೆಯಲು ಓಡಿದ. ಬ್ಯಾಂಡುಗಳನ್ನು ಆರಿಸುವ ಹೆಂಗಸು ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅವರು ಎದ್ದದ್ದನ್ನು ನವ್ಯ ನೋಡಿದಳು. ಕೋಲು ತಪ್ಪಲಿಲ್ಲ, ಮುಖ ಮಾತ್ರ ಬಾಡಿತು. ಉಳಿದ ಹಾಡುಗಳನ್ನೆಲ್ಲ ಮಕ್ಕಳು ಕುರ್ಚಿಗಳಿಗೂ ನನಗೂ ಕೇಳಿಸಿದರು.

ವಾಪಸು ಬರುವಾಗ ಡ್ರಮ್ಮಿಗೆ ಟೆಂಪೋ ಮಾಡಿಸಿದೆ, ನನ್ನ ದುಡ್ಡಿನಲ್ಲಿ. ಯಾರೂ ಅದನ್ನು ಗಮನಿಸಲಿಲ್ಲ. ಬಸ್ಸು ದೇವನಹಳ್ಳಿ ದಾಟಿತು. ಕಿಟಕಿಯಾಚೆ ನೋಡುತ್ತಲೇ ನವ್ಯ ಕೇಳಿದಳು.

“ತಾತ, ನಾವು ಅಷ್ಟು ಕೆಟ್ಟದಾಗಿ ಬಾರಿಸಿದ್ವಾ?”

ಒಂದೇ ಮಾತಿನಲ್ಲಿ ಅವಳ ಎದೆಯ ಭಾರ ಇಳಿಸಬಹುದಿತ್ತು. ನಿಮ್ಮ ಹಾಡಿನ ತಪ್ಪಲ್ಲಮ್ಮ, ನನ್ನ ಗಾಡಿಯ ತಪ್ಪು ಎನ್ನಬಹುದಿತ್ತು. ಆದರೆ ಜೇಬಿನಲ್ಲಿ ಪ್ಯೂಪಾ ಇಟ್ಟುಕೊಂಡ ಮನುಷ್ಯನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಜಯನಗರದ ಮೋರಿ ನಾರುತ್ತಿತ್ತಂತೆ, ಯಜಮಾನನೇ ಹೇಳಿದ, ಜನ ಅದಕ್ಕೇ ಎದ್ದು ಹೋದರು ಎಂದೆ. ಶಬ್ರೀನ್ ಹಿಂದಿನ ಸೀಟಿನಿಂದ ತಲೆ ಹಾಕಿ, “ಸಚ್ಚೀ ತಾತ? ನಮಗೇನೂ ಬರ್ಲೇ ಇಲ್ವಲ್ಲ” ಎಂದಳು. ಹಾಡುವ ಭರದಲ್ಲಿ ಗೊತ್ತಾಗಿಲ್ಲ ಎಂದೆ. ಮೂವರ ಮುಖಕ್ಕೂ ಜೀವ ಬಂತು. ಜಂಗಮಕೋಟೆ ಬರುವಷ್ಟರಲ್ಲಿ ಬೆಂಗಳೂರಿನ ಮೋರಿಗಳನ್ನು ಬಾಯಿ ತುಂಬ ಬೈಯುತ್ತಿದ್ದರು. ನಾನೂ ಜೊತೆಗೆ ಎರಡು ಮಾತು ಬೈದೆ.

ಆ ಬೈಗುಳವೇ ಈಗ ಹಾಡಾಗಿದೆ. ‘ಯಾರದೀ ನಾತ?’ ಎಂದು ಶಬ್ರೀನ್ ಕಿರುಚುತ್ತಾಳೆ, ಡ್ರಮ್ಮು ಗುಡುಗುತ್ತದೆ. ಫೋನಿನಲ್ಲಿ ಅದರ ತುಣುಕು ಕೇಳಿದ ಆ ಹೆಂಗಸೇ, ಪೂರ್ತಿ ಮಾಡಿ ಕಳಿಸಿ, ಈ ಸಲ ಬಯಲಿನಲ್ಲಿ ಹಾಡಿಸುತ್ತೇನೆ ಎಂದಿದ್ದಾರಂತೆ. ಹಾಡಿನ ಕೊನೆಗೆ ಒಬ್ಬ ಮುದುಕ ‘ನಂದಲ್ಲ’ ಎನ್ನಬೇಕು. ಮುದುಕ ಮನೆಯಲ್ಲೇ ಇದ್ದಾನೆ, ಅದೂ ಪುಕ್ಕಟೆ. ಅನ್ವರ್ ಸಾಹೇಬರ ಶೆಡ್ಡಿನಲ್ಲಿ ಮೈಕಿನ ಮುಂದೆ ನಿಲ್ಲಿಸಿದರು. ಹೇಳಿದೆ. ಸಾಲದು ಎಂದಳು ನವ್ಯ. ಮತ್ತೆ ಹೇಳಿದೆ. ಬೆವರು ಬಂತು, ನಾಲಿಗೆ ತೊದಲಿತು. ಗಿರೀಶ ಬಿದ್ದು ಬಿದ್ದು ನಕ್ಕ. ನವ್ಯ ಕಿವಿಯ ಮೇಲಿನ ಯಂತ್ರ ತೆಗೆದು, “ಇದೇ ಇರ್ಲಿ ತಾತ. ಮಾಡ್ದೋನೇ ಮಾಡಿಲ್ಲ ಅಂದಂಗೆ ಬಂದೈತೆ” ಎಂದಳು.

ಮಕ್ಕಳು ಅಚ್ಚಾದದ್ದನ್ನು ಓದುವವರಲ್ಲ. ಆ ಧೈರ್ಯದಿಂದಲೇ ಇಷ್ಟೆಲ್ಲ ಬರೆದೆ. ಬಯಲಿನ ಕಾರ್ಯಕ್ರಮಕ್ಕೆ ಡ್ರಮ್ಮು ಹೇಗೆ ಸಾಗಿಸುವುದು ಎಂದು ನಿನ್ನೆ ಮನೆಯಲ್ಲಿ ಮಾತು ಬಂತು. ಟೆಂಪೋದವನು ಕೇಳಿದ ಬಾಡಿಗೆ ಕಿವಿಗೆ ಬಿದ್ದಾಗ, ಬಯಲಲ್ಲವೇ, ಗಾಳಿ ಆಡುತ್ತದಲ್ಲವೇ ಎಂದು ನನ್ನ ಮನಸ್ಸು ಒಂದು ಕ್ಷಣ ಬಾಬುವಿನ ಕಡೆ ತಿರುಗಿದ್ದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.